ಕೇಳುವವನು

ನಮ್ಮ ಊರಿಗೆ ಒಂದೇ ಬಾವಿ. ಊರು ಮೊದಲೋ ಬಾವಿ ಮೊದಲೋ ಎಂದು ಯಾರನ್ನು ವಿಚಾರಿಸಿದರೂ ಬಾವಿಯ ಕಡೆಗೇ ಕೈ ತೋರಿಸುತ್ತಾರೆ. ಆ ಬಾವಿಗೆ ನಾನು ಮೂವತ್ತೊಂದು ವರ್ಷ ‘ಕೇಳುವವನು’ ಆಗಿದ್ದೆ. ಈಗ ನಿವೃತ್ತ. ನಿವೃತ್ತಿ ಎಂದರೆ ಎಂಥ ಸುಖ ಅಂತೀರಿ! ಬೆಳಗ್ಗೆ ಎದ್ದರೆ ಕಿವಿಗೆ ಯಾವ ಜವಾಬ್ದಾರಿಯೂ ಇಲ್ಲ. ಗುಬ್ಬಿ ಕೂಗಿದರೆ ಗುಬ್ಬಿ ಕೂಗಿತು, ಅಷ್ಟೆ. ಅದು ನಿಜವಾದ ಗುಬ್ಬಿಯೋ ಅಲ್ಲವೋ ಎಂದು ನಾನು ಹೇಳಬೇಕಾಗಿಲ್ಲ. ಬಿಸಿಲಿಗೆ ಮೈ ಕಾಯಿಸುತ್ತೇನೆ, ಎರಡು ಲೋಟ ಕಾಫಿ ಕುಡಿಯುತ್ತೇನೆ, ಸಿಕ್ಕವರಿಗೆ ಈ ಕಥೆ ಹೇಳುತ್ತೇನೆ. ನನ್ನ ಕೆಲಸ ಹೋದ ಕಥೆಯನ್ನು ನಾನೇ ಇಷ್ಟು ಖುಷಿಯಿಂದ ಹೇಳುತ್ತೇನಲ್ಲ, ಅದಕ್ಕೆ ಕಾರಣ ಕೊನೆಯಲ್ಲಿ ನಿಮಗೇ ತಿಳಿಯುತ್ತದೆ.

ನಮ್ಮೂರಿನ ಕಟ್ಟಳೆ ಹೀಗಿತ್ತು. ಹೆತ್ತವಳು ಹದಿನಾರನೆಯ ದಿನ ಬಾವಿಗೆ ಬರಬೇಕು. ಅರಿಶಿನ ಹಚ್ಚಿದ ಕೊಡ ತರಬೇಕು. ಐದು ಎಲೆ ತರಬೇಕು. ಮಡಿಲಲ್ಲಿ ಮಗುವನ್ನು ತರಬೇಕು. ಕಟ್ಟೆಗೆ ಬಗ್ಗಿ ಮಗುವಿನ ಹೆಸರನ್ನು ಮೂರು ಸಲ ಕೂಗಬೇಕು. ಮಗುವಿಗೆ ಇನ್ನೂ ಮಾತು ಬಾರದಷ್ಟೆ? ಅದರ ಪರವಾಗಿ ಬಾವಿ ಓಗೊಡಬೇಕು. ಒಂದು ‘ಓ’ ಸಾಕು. ಓ ಬಂದರೆ, ಹೆರಿಗೆಯ ಕೋಣೆಗೆ ಹೋದವಳೇ ಹೆರಿಗೆಯ ಕೋಣೆಯಿಂದ ಬಂದಿದ್ದಾಳೆ ಎಂದರ್ಥ. ಓ ಬಾರದಿದ್ದರೆ ಹೋದವಳು ಬೇರೆ, ಬಂದವಳು ಬೇರೆ. ಅವಳ ಸೀರೆ ಉಟ್ಟು, ಅವಳ ಮುಖ ತೊಟ್ಟು ಇನ್ಯಾರೋ ಬಂದಿದ್ದಾರೆ. ಅಂಥವಳಿಗೆ ನಾವು ‘ಬದಲಿ’ ಎನ್ನುತ್ತಿದ್ದೆವು.

ಹದಿನಾರಕ್ಕೆ ಬಾರದಿದ್ದರೆ ಇಪ್ಪತ್ತೆಂಟಕ್ಕೆ. ಇಪ್ಪತ್ತೆಂಟಕ್ಕೆ ಬಾರದಿದ್ದರೆ ನಲವತ್ತಕ್ಕೆ. ನಲವತ್ತಕ್ಕೂ ಬಾರದಿದ್ದರೆ ಮಗು ಇನ್ನೊಬ್ಬಳ ಮಡಿಲಿಗೆ, ಬದಲಿ ಏಳು ಕಲ್ಲು ದಾಟಿ ಊರಿನಾಚೆಗೆ. ಕಟ್ಟಳೆ ಇತ್ತು, ಅದು ನಡೆದದ್ದನ್ನು ಮಾತ್ರ ಕಂಡವರಿರಲಿಲ್ಲ. ಏಕೆಂದರೆ ಬಾವಿ ಎಲ್ಲರಿಗೂ ಓಗೊಡುತ್ತಿತ್ತು.

ಕೂಗುವ ದಿನ ಬೆಳಗಾಗುವಾಗ ಹೆತ್ತವಳ ತವರಿನ ಹಿರಿಯ ಹೆಂಗಸು ಒಬ್ಬಳೇ ಪೊರಕೆ ಹಿಡಿದು ಬಾವಿಯ ಮೆಟ್ಟಿಲು ಗುಡಿಸಲು ಇಳಿಯುತ್ತಿದ್ದಳು. ಅದು ಹೆಂಗಸರ ಕೆಲಸ, ಗಂಡಸರು ನೋಡುವಂಥದ್ದಲ್ಲ. ಆಮೇಲೆ ಊರೆಲ್ಲ ಬಂದು ನಲವತ್ತು ಹೆಜ್ಜೆ ದೂರದ ಬೇವಿನ ಮರದ ಕೆಳಗೆ ಬೆನ್ನು ತಿರುಗಿಸಿ ನಿಲ್ಲುತ್ತಿತ್ತು. ಬಾವಿಗೆ ನಾಚಿಕೆ, ನೋಡಿ. ಕಟ್ಟೆಯ ಪಕ್ಕದಲ್ಲಿ ನಾನೊಬ್ಬನೇ. ಅದೂ ಕಣ್ಣಿಗೆ ಹಳದಿ ಬಟ್ಟೆ ಕಟ್ಟಿಕೊಂಡು. ಕಣ್ಣು ಬಿಟ್ಟರೆ ಕಿವಿ ಸೋಮಾರಿಯಾಗುತ್ತದೆ ಎಂದು ನನ್ನ ಹಿಂದಿನವರು ಹೇಳಿಕೊಟ್ಟಿದ್ದರು. ಓ ಕೇಳಿಸಿತೋ, ನಾನು ಗಟ್ಟಿಯಾಗಿ “ಬಂತು!” ಎನ್ನಬೇಕು. ಊರು “ಬಂತು!” ಎನ್ನಬೇಕು. ಬೆಲ್ಲ ಹಂಚಬೇಕು.

ನಾನು ಹೊಳೆಯಾಚೆಯ ಕಾಲೇಜಿನಲ್ಲಿ ಓದಿದವನು. ನನ್ನ ಹಿಂದಿನವರ ಹಾಗೆ ಬರೀ ಕೇಳಿ ಎದ್ದು ಹೋಗಲಿಲ್ಲ. ಬಾವಿಯ ಕಂಠದ ಮೇಲೆ ನಲವತ್ತು ಪುಟದ ಪ್ರಬಂಧ ಬರೆದಿದ್ದೆ. ಬಾವಿಗೆ ಹೆಣ್ಣು ಕಂಠವೇ ಏಕೆ? ಕಲ್ಲಿನ ಬಾಗಿನಿಂದ. ಒಂದೊಂದು ಸಲ ಒಂದೊಂದು ಥರ ಕೇಳಿಸುವುದೇಕೆ? ನೀರಿನ ಮಟ್ಟದಿಂದ. ಒಂದು ವರ್ಷ ಬಾವಿ ಕೆಮ್ಮಿದ್ದುಂಟು, ಅದಕ್ಕೆ ಪಾಚಿ ಕಾರಣವೆಂದು ಬರೆದೆ. ಇನ್ನೊಂದು ಸಲ ಓ ಎಂದಮೇಲೆ ಮೂಗು ಸೊರಗುಟ್ಟಿದಂತಾಯಿತು. ಅದಕ್ಕೆ ಗಾಳಿಯ ದಿಕ್ಕು ಎಂದು ಮೂರು ಪುಟ, ಒಂದು ಚಿತ್ರ. ಊರ ಯಜಮಾನ ಆ ಪ್ರಬಂಧವನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡಿದ್ದ. ಓದಿರಲಿಲ್ಲ, ಪೂಜೆ ಮಾಡುತ್ತಿದ್ದ.

ಹೀಗಿರಲಾಗಿ ಹಗ್ಗ ಹೊಸೆಯುವವನ ಮನೆಗೆ ಹೊರಗಿನಿಂದ ಸೊಸೆ ಬಂದಳು. ನಮ್ಮೂರಿನವರು ನಮ್ಮೂರಲ್ಲೇ ಹೆಣ್ಣು ತರುವುದು ರೂಢಿ. ಇವಳು ಹೊಳೆಯಾಚೆಯವಳು. ತಾಯಿ ಇಲ್ಲ, ಅಕ್ಕತಂಗಿ ಇಲ್ಲ. ಹೊರಗಿನ ಸೊಸೆ ಎಂದೇ ಎಲ್ಲರೂ ಕರೆದೆವು. ಅವಳು ಹೆತ್ತಳು. ಹದಿನಾರನೆಯ ದಿನ ಬಾವಿಗೆ ಬಂದಳು. ತವರಿಲ್ಲದವಳಾದ್ದರಿಂದ ಮೆಟ್ಟಿಲು ಗುಡಿಸುವವರು ಯಾರೂ ಇರಲಿಲ್ಲ. ಪರವಾಗಿಲ್ಲ, ನಾನೇ ಮೇಲಿನಿಂದ ಎರಡು ಕೊಡ ನೀರು ಸುರಿದೆ.

ಅವಳು ಮಗುವಿನ ಹೆಸರು ಕೂಗಿದಳು. ಬಾವಿ ಸುಮ್ಮನಿತ್ತು.

ಎರಡನೆಯ ಸಲ ಕೂಗಿದಳು. ಬಾವಿ ಸುಮ್ಮನಿತ್ತು.

ಮೂರನೆಯ ಸಲ ಕೂಗಿದಳು. ಬಾವಿ ಸುಮ್ಮನಿತ್ತು.

ಸುಳ್ಳೇಕೆ ಹೇಳಲಿ, ನನಗೆ ಸಂತೋಷವಾಯಿತು. ಬಾವಿ ಎಲ್ಲರಿಗೂ ಓ ಎನ್ನುವ ಭೋಳೇ ಬಾವಿಯಲ್ಲ, ಅದಕ್ಕೂ ವಿವೇಚನೆ ಇದೆ ಎಂದು ರುಜುವಾಯಿತಲ್ಲ! “ಬರಲಿಲ್ಲ!” ಎಂದೆ. ಬೇವಿನ ಮರದ ಕೆಳಗೆ ಯಾರೂ ಏನೂ ಅನ್ನಲಿಲ್ಲ. ಬರಲಿಲ್ಲ ಎಂದರೆ ಏನೆನ್ನಬೇಕು ಎಂದು ಯಾರಿಗೂ ಗೊತ್ತಿರಲಿಲ್ಲ.

ಅವತ್ತಿನಿಂದ ಊರಿಗೆ ಕಣ್ಣು ಬಂತು. ಊರೆಲ್ಲ ಹಗ್ಗದವನ ಮನೆಯ ಕಡೆಗೆ ನೋಡತೊಡಗಿತು. ಬೆಂಕಿ ಕೇಳಿಕೊಂಡು ಹೋದವರು ನೋಡಿದರು, ಮಜ್ಜಿಗೆ ಕೊಡಲು ಹೋದವರು ನೋಡಿದರು. ನಾನು ಕರ್ತವ್ಯದ ಮೇಲೆ ಹೋಗಿ ನೋಡಿದೆ. ಅವಳು ಮಗುವನ್ನು ಎತ್ತಿಕೊಳ್ಳುತ್ತಿದ್ದಳು, ಮಗುವನ್ನು ನೋಡುತ್ತಿರಲಿಲ್ಲ. ಹಾಲು ಕುಡಿಸುವಾಗ ಗೋಡೆ ನೋಡುತ್ತಿದ್ದಳು. ತೊಟ್ಟಿಲು ತೂಗುತ್ತ ಕೈ ನಿಂತುಹೋಗುತ್ತಿತ್ತು, ಎಷ್ಟು ಹೊತ್ತಾದರೂ ನಿಂತೇ ಇರುತ್ತಿತ್ತು. ಮಗು ಮಲಗಿದರೂ ಅವಳು ಮಲಗುತ್ತಿರಲಿಲ್ಲ. ಅನ್ನ ಕಲಸಿ, ಕಲಸಿದ ಅನ್ನವನ್ನೇ ನೋಡುತ್ತ ಕೂರುತ್ತಿದ್ದಳು. ಕಣ್ಣೀರು ಬರುತ್ತಿತ್ತು. ಅದು ಬರುತ್ತಿದೆ ಎಂಬುದು ಅವಳಿಗೆ ಗೊತ್ತಿರುವಂತೆ ಕಾಣುತ್ತಿರಲಿಲ್ಲ.

“ನೋಡಿದ್ರಾ?” ಎಂದಳು ಅವಳ ಅತ್ತೆ, ನನ್ನನ್ನು ಹಿತ್ತಿಲಿಗೆ ಕರೆದು. ಒಂಟಿ ಮೂಗುತಿಯ, ಗಟ್ಟಿ ಹೆಂಗಸು. ಊರಿನ ಅರ್ಧ ಜಗಳಗಳಿಗೆ ಅವಳೇ ತೀರ್ಪು. “ನನ್ನ ಸೊಸೆ ಬಸುರಿಯಾಗಿದ್ದಾಗ ಹಗ್ಗ ಹೊಸೀತಾ ಹಾಡೋಳು. ಇವಳು ಹಾಡಲ್ಲ. ನನ್ನ ಸೊಸೆ ಕರಿಬೇವು ತಟ್ಟೆ ಅಂಚಿಗೆ ಎತ್ತಿಡೋಳು. ಇವಳು ಕರಿಬೇವೂ ನುಂಗ್ತಾಳೆ, ಕಲ್ಲಿದ್ರೆ ಕಲ್ಲೂ ನುಂಗ್ತಾಳೆ.”

“ಎಲ್ಲಾ ಗಮನಿಸ್ತಾ ಇರಿ,” ಎಂದೆ.

“ಗಮನಿಸದೆ ಏನು? ತೊಟ್ಟಿಲ ಹಗ್ಗಕ್ಕೆ ನನ್ನ ಕಾಲ್ಬೆರಳು ಕಟ್ಟಿಕೊಂಡೇ ಮಲಗ್ತೀನಿ. ಅಲುಗಿದರೆ ಎಚ್ಚರ.” ಹಾಗೆಂದು ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಬೆವರೆಂದುಕೊಂಡೆ.

ಹಗ್ಗದವನು, ಅಂದರೆ ಗಂಡ, ಅಂಗಳದಲ್ಲಿ ನಾರು ಹೊಸೆಯುತ್ತ ಇದ್ದ. ಅಷ್ಟು ದಿನದಲ್ಲಿ ಅವನು ಊರನ್ನು ಮೂರು ಸುತ್ತು ಸುತ್ತುವಷ್ಟು ಹಗ್ಗ ಹೊಸೆದಿದ್ದ. “ಸ್ವಾಮಿ,” ಎಂದ, ತಲೆ ಎತ್ತದೆ. “ಇವಳು ಬದಲಿಯಾದರೆ, ನನ್ನವಳು ಎಲ್ಲಿ ಹೋದಳು?”

ಅದು ನನ್ನ ಇಲಾಖೆಗೆ ಬರುವ ಪ್ರಶ್ನೆಯಲ್ಲ. ನಾನು ಒಳಗೆ ಹೋದೆ.

ಅವಳು ಕಿಟಕಿಯ ಬಳಿ ಕೂತಿದ್ದಳು. ಕಿಟಕಿಯ ಆಚೆ ಬಾವಿ ಕಾಣುತ್ತಿತ್ತು. ನಾನು ನಿಂತೆ. ಮಾತಾಡಲಿಲ್ಲ. ನೋಡುವುದಷ್ಟೇ ನನ್ನ ಕೆಲಸ. ಅವಳಾಗಿಯೇ ಮಾತಾಡಿದಳು.

“ನಾನು ಬದಲಿ ಅಂತ ನಿಮಗೆ ಅನುಮಾನ, ಅಲ್ವಾ?”

“ಇನ್ನೂ ಎರಡು ಸಲ ಇದೆಯಮ್ಮ. ತೀರ್ಪು ಬಾವಿಯದು.”

“ನನಗೂ ಅದೇ ಅನುಮಾನ,” ಎಂದಳು. ದನಿ ಬೂದಿಯ ಹಾಗಿತ್ತು. “ಮಗು ಅತ್ತರೆ ಎದೆ ನೋಯತ್ತೆ, ಹಾಲು ಇಳಿಯತ್ತೆ. ಅದು ಮೈಗೆ ಗೊತ್ತು. ನನಗೆ ಏನೂ ಆಗಲ್ಲ. ಪಕ್ಕದ ಮನೆ ಮಗು ಅತ್ತ ಹಾಗೆ. ತಾಯಿಯಾದವಳಿಗೆ ಹೀಗಾಗತ್ತಾ? ಆಗಲ್ಲ. ಅಂದರೆ ನಾನು ಅವಳಲ್ಲ.” ಕಿಟಕಿಯಾಚೆ ನೋಡಿದಳು. “ಬಾವಿ ನೋಡಿದರೆ ಒಳಗೆ ತಣ್ಣಗಿರತ್ತೆ ಅನ್ಸತ್ತೆ. ಸುಮ್ಮನೆ ಇರತ್ತೆ ಅನ್ಸತ್ತೆ. ನಾನಿಲ್ಲದಿದ್ದರೆ ಈ ಮಗೂಗೆ ನಿಜವಾದ ಅಮ್ಮ ಬರ್ತಾಳೇನೋ.”

ನಾನು ಕಾಲೇಜು ಓದಿದ ಮನುಷ್ಯ. ಈ ಮಾತಿಗೆ ಏನು ಮಾಡಿದೆ ಗೊತ್ತೇ? ಮನೆಗೆ ಬಂದು ಬರೆದಿಟ್ಟುಕೊಂಡೆ. ‘ತಾನೇ ಬದಲಿಯೆಂದು ಒಪ್ಪಿಕೊಂಡಳು. ಬಾವಿಯ ಮೇಲೆ ವಿಶೇಷ ಸೆಳೆತ.’ ಅಡಿಗೆರೆ ಬೇರೆ ಎಳೆದೆ.

ಇಪ್ಪತ್ತೆಂಟನೆಯ ದಿನ ಅವಳು ಕೊಡ ತಂದಳು, ಎಲೆ ತಂದಳು, ಮಗುವನ್ನು ತಂದಳು. ಮೂರು ಸಲ ಕೂಗಿದಳು. ಬಾವಿ ಮೂರು ಸಲ ಸುಮ್ಮನಿತ್ತು. “ಬರಲಿಲ್ಲ!” ಎಂದೆ. ಈ ಸಲ ಬೇವಿನ ಮರದ ಕೆಳಗಿನವರಿಗೆ ಏನೆನ್ನಬೇಕೆಂದು ಗೊತ್ತಿತ್ತು. “ಬರಲಿಲ್ಲ!” ಎಂದರು. ಗಂಡಸರ ದನಿಯೇ ಹೆಚ್ಚಿತ್ತು. ಹೆಂಗಸರದು ಪಿಸುಮಾತಷ್ಟೇ ಕೇಳಿಸಿತು.

ಯಜಮಾನ ಏಳು ಕಲ್ಲುಗಳನ್ನು ತೊಳೆಸಿದ. ಮಗುವಿಗೆ ಇನ್ನೊಂದು ಮಡಿಲು ಹುಡುಕಲು ಶುರುಮಾಡಿದರು. ಇನ್ನು ಹನ್ನೆರಡು ದಿನ.

ಮನೆಯಲ್ಲಿ ನಾನು ಊಟಕ್ಕೆ ಕೂತು ಇದನ್ನೆಲ್ಲ ರಸವತ್ತಾಗಿ ವರ್ಣಿಸುತ್ತಿದ್ದೆ. ನನ್ನ ಮನೆಯಾಕೆ ಬಡಿಸುತ್ತಿದ್ದಳು. ನಲವತ್ತು ವರ್ಷ ನನ್ನ ಮಾತಿಗೆ ‘ಹೂಂ’ ಎನ್ನುತ್ತ ಬಂದವಳು. ಆವತ್ತು ಹೂಂ ಎನ್ನಲಿಲ್ಲ.

“ಅವಳಿಗೆ ತವರಿಲ್ಲವಾ?” ಎಂದಳು.

“ಇಲ್ಲ. ಅದಕ್ಕೂ ಇದಕ್ಕೂ ಏನು?”

“ಮೆಟ್ಟಿಲು ಗುಡಿಸಿದ್ದು ಯಾರು?”

“ನಾನೇ ನೀರು ಹುಯ್ದೆ. ಚೊಕ್ಕಟವಾಗಿದೆ. ಬಾವಿ ಕೊಳೆಗೆ ಮುನಿದಿಲ್ಲ.”

ಅವಳು ಸೌಟು ಹಿಡಿದು ನಿಂತೇ ಇದ್ದಳು. ಒಳಗೆ ಸಾರು ಉಕ್ಕಿ ಒಲೆಗೆ ಸುರಿಯಿತು, ಹೋಗಿ ನೋಡಲಿಲ್ಲ. “ನಿಮ್ಮನ್ನ ಊರೆಲ್ಲ ಕೇಳುವವನು ಅಂತಾರೆ,” ಎಂದಳು. “ಮೂವತ್ತೊಂದು ವರ್ಷದಲ್ಲಿ ಒಂದು ದಿನವಾದರೂ ಏನಾದರೂ ಕೇಳಿದೀರಾ?”

“ಇದೇನು ಮಾತು? ಕೇಳುವುದೇ ನನ್ನ ಕೆಲಸ. ನೂರಾರು ಓ ಕೇಳಿದ್ದೇನೆ.”

“ಅದಲ್ಲ ರೀ. ಕೇಳೋದು. ಬಾಯಿಂದ.”

ನನಗೆ ಅರ್ಥವಾಗಲಿಲ್ಲ. ಅರ್ಥವಾಗದಿದ್ದಾಗ ಮನುಷ್ಯನಿಗೆ ಅನುಮಾನ ಬರುತ್ತದೆ. ನನಗೆ ಅವಳ ಮೇಲೆ ಅನುಮಾನ ಬಂತು. ಮಾರನೆಯ ದಿನದಿಂದ ನೋಡತೊಡಗಿದೆ. ನನ್ನವಳು ಹಗ್ಗದವನ ಮನೆಯ ಮುಂದೆ ನಿಧಾನ ನಡೆಯುತ್ತಿದ್ದಳು. ಯಜಮಾನನ ಹೆಂಡತಿಯೂ ನಿಧಾನ ನಡೆಯುತ್ತಿದ್ದಳು. ಎದುರುಬದುರಾದರೆ ಒಬ್ಬರನ್ನೊಬ್ಬರು ಕಳ್ಳರಂತೆ ನೋಡಿ, “ಏನಿಲ್ಲ, ಹೀಗೇ ಬಂದೆ,” “ನಾನೂ ಹೀಗೇ,” ಎಂದು ತಿರುಗಿ ಹೋಗುತ್ತಿದ್ದರು. ಊರಿನ ಹೆಂಗಸರೆಲ್ಲ ಏನನ್ನೋ ಬಾಯಲ್ಲಿಟ್ಟುಕೊಂಡಂತಿದ್ದರು. ಉಗುಳಲಾರರು, ನುಂಗಲಾರರು. ಬದಲಿ ಅಂಟುಜಾಡ್ಯವೇ? ಊರಿಗೇ ಹಬ್ಬಿತೇ? ಈ ಶಂಕೆಯನ್ನೂ ಬರೆದಿಟ್ಟುಕೊಂಡೆ.

ನಲವತ್ತನೆಯ ದಿನ ಬಂತು.

ನಾನು ಬಾವಿಗೆ ಹೋದಾಗ ಬಿಸಿಲು ಆಗ ತಾನೇ ಕಟ್ಟೆ ಹತ್ತುತ್ತಿತ್ತು. ಮೆಟ್ಟಿಲ ಬಾಯಲ್ಲಿ ಒಂದು ಪೊರಕೆ ಒರಗಿತ್ತು. ಅದರ ಪಕ್ಕದಲ್ಲಿ ಇನ್ನೊಂದು. ಅದರ ಪಕ್ಕದಲ್ಲಿ ಮತ್ತೊಂದು. ಏಳು ಪೊರಕೆ! ತವರಿಲ್ಲದವಳ ಬಾವಿಗೆ ಏಳು ಪೊರಕೆ ಎಲ್ಲಿಂದ ಬಂದವು? ಬಗ್ಗಿ ನೋಡೋಣವೆನ್ನಿಸಿತು. ಆದರೆ ಕೇಳುವವನು ಬಾವಿಯೊಳಗೆ ನೋಡಕೂಡದು. ನೋಡಲಿಲ್ಲ. ಹಳದಿ ಬಟ್ಟೆ ಕಟ್ಟಿಕೊಂಡೆ, ಅನುಮಾನವನ್ನೂ ಅದರೊಳಗೇ ಸೇರಿಸಿ ಬಿಗಿದೆ.

ಊರು ಬಂತು. ಬೆನ್ನು ತಿರುಗಿಸಿತು. ಏಳು ಕಲ್ಲಿನ ಬಳಿ ಇಬ್ಬರು ನಿಂತರಂತೆ. ಹೊಸ ಮಡಿಲಿನವಳು ಸೆರಗು ಒಡ್ಡಿ ನಿಂತಳಂತೆ. ಹೊರಗಿನ ಸೊಸೆಯ ಕಾಲುಂಗುರದ ಸದ್ದು ಕಟ್ಟೆಯವರೆಗೆ ಬಂದು ನಿಂತಿತು. ಗಂಡ ಜೊತೆಯಲ್ಲಿ ಬಂದು, ಮಗುವನ್ನು ಅವಳ ಕೈಗೆ ಕೊಟ್ಟು, ದೂರ ಹೋದ.

“ಕೂಗಮ್ಮ,” ಎಂದೆ.

ಅವಳು ಕೂಗಲಿಲ್ಲ.

“ಹೊತ್ತಾಗುತ್ತದೆ. ಮಗುವಿನ ಹೆಸರು ಕೂಗು.”

“ಮಗು ಇಲ್ಲೇ ಇದೆ,” ಎಂದಳು. “ಅದನ್ನು ಕೂಗಿ ಏನು ಮಾಡಲಿ? ಕಳೆದುಹೋಗಿರೋದು ಅದಲ್ಲ.”

ಆಮೇಲೆ ಬಗ್ಗಿದಳು. ಬಳೆ ಕಲ್ಲಿಗೆ ತಗುಲಿದ್ದು ಕೇಳಿಸಿತು. ಮೈಯಲ್ಲಿದ್ದ ಉಸಿರನ್ನೆಲ್ಲ ಸೇರಿಸಿ ಒಂದು ಹೆಸರು ಕೂಗಿದಳು.

“ಸಾವಂತ್ರೀ…!”

ಸಾವಂತ್ರಿ ಯಾರು? ನನಗೆ ತಿಳಿಯಲಿಲ್ಲ. ಬೇವಿನ ಮರದ ಕೆಳಗೂ ಗುಜುಗುಜು ಎದ್ದಿತು. ಗಂಡ ಅಳತೊಡಗಿದ್ದು ಕೇಳಿ ನನಗೆ ಹೊಳೆಯಿತು. ಅದು ಅವಳ ಹೆಸರು. ಒಂದು ವರ್ಷದಿಂದ ನಮ್ಮೂರಲ್ಲಿದ್ದ ಹೆಸರು. ಯಾರೂ ಕರೆದಿರಲಿಲ್ಲ.

ಬಾವಿ ಸುಮ್ಮನಿತ್ತು.

“ಸಾವಂತ್ರೀ…!”

ಬಾವಿ ಸುಮ್ಮನಿತ್ತು. ಆದರೆ ಆ ಮೌನದಲ್ಲಿ ಉಸಿರಿತ್ತು. ನನ್ನ ಕಿವಿ ಮೂವತ್ತೊಂದು ವರ್ಷದ ಕಿವಿ, ಸುಳ್ಳು ಹೇಳದು. ಕೆಳಗೆ ಯಾರೋ ಸೀರೆ ಸರಿಸಿಕೊಂಡರು. ಯಾರದೋ ಕಾಲು ನೀರಿಗೆ ಜಾರಿತು. “ಶ್!” ಎಂದಿತು ಬಾವಿ.

“ಸಾವಂತ್ರೀ… ಎಲ್ಲಿದ್ದೀಯೇ…!”

‘ಬರಲಿಲ್ಲ’ ಎನ್ನಲು ತುಟಿ ಸೇರಿಸಿದ್ದೆ. ಅಷ್ಟರಲ್ಲಿ ಬಾವಿಯ ಆಳದಿಂದ ಒಂದು ದನಿ ಬಂತು.

“ಓ…”

ಗಟ್ಟಿ ದನಿ. ಊರಿನ ಅರ್ಧ ಜಗಳಗಳಿಗೆ ತೀರ್ಪು ಹೇಳಿದ ದನಿ. ಅದು ಮುಗಿಯುವ ಮೊದಲೇ ಇನ್ನೊಂದು.

“ಓ…”

ಇದು ನಲವತ್ತು ವರ್ಷದಿಂದ ನನ್ನನ್ನು ಊಟಕ್ಕೆ ಕರೆಯುತ್ತಿರುವ ದನಿ! ಮತ್ತೊಂದು ಓ ಬಂತು. ಕೆಮ್ಮುತ್ತ ಒಂದು ಬಂತು, ಮೂಗು ಸೊರಗುಟ್ಟಿಸುತ್ತ ಒಂದು ಬಂತು. ಒಂದರ ಮೇಲೊಂದು, ತಾಳವಿಲ್ಲ, ಮೇಳವಿಲ್ಲ, ಏಳು ಓ ಬಂದವು. ನನ್ನ ನಲವತ್ತು ಪುಟಗಳು ಒಂದೊಂದಾಗಿ ನೀರಿಗೆ ಬಿದ್ದ ಹಾಗಾಯಿತು.

“ಬಾವಿಗೆ ಎಷ್ಟು ಬಾಯಯ್ಯಾ?” ಎಂದು ಯಜಮಾನ ಮರದ ಕೆಳಗಿನಿಂದ ಕೂಗಿದ.

ನಾನು ಬಟ್ಟೆ ಬಿಚ್ಚಿದೆ. ಬಾವಿಯೊಳಗೆ ನೋಡಿದೆ. ಹದಿನಾಲ್ಕನೆಯ ಮೆಟ್ಟಿಲ ಬದಿಗೆ, ಮೇಲಿನಿಂದ ಕಾಣದಂತೆ ಚಾಚಿದ ಕಲ್ಲಿನ ಕೆಳಗೆ, ಒಂದು ಗೂಡು. ಒಬ್ಬರು ನಿಲ್ಲುವಷ್ಟು ಗೂಡು. ಅದರಲ್ಲಿ ಮೂವರು ತುರುಕಿಕೊಂಡಿದ್ದರು. ಉಳಿದ ನಾಲ್ವರು ಮೊಣಕಾಲುದ್ದ ನೀರಿನ ಮೆಟ್ಟಿಲಲ್ಲಿ, ಕಲ್ಲಿನಡಿಯಿಂದ ಕತ್ತು ಚಾಚಿ ನಿಂತಿದ್ದರು. ನನ್ನ ಮನೆಯಾಕೆ ಇದ್ದಳು. ಯಜಮಾನನ ಹೆಂಡತಿ ಇದ್ದಳು. ಎಲ್ಲರಿಗಿಂತ ಒಳಗೆ, ಎಲ್ಲರಿಗಿಂತ ಮೊದಲು ಬಂದು ಗೂಡು ಹಿಡಿದಿದ್ದವಳು ಅತ್ತೆ. ಅವರು ನನ್ನನ್ನು ನೋಡುತ್ತಿರಲಿಲ್ಲ. ಕತ್ತಲಲ್ಲಿ ಒಬ್ಬೊಬ್ಬರಾಗಿ ಇಳಿದು ಉಸಿರೆತ್ತದೆ ನಿಂತಿದ್ದವರು ಈಗ ಒಬ್ಬರನ್ನೊಬ್ಬರು ನೋಡುತ್ತಿದ್ದರು.

“ನೀನೂನಾ?” ಎಂದಳು ಯಜಮಾನನ ಹೆಂಡತಿ.

“ಮತ್ತೆ ನಿಮ್ಮನೇಲೂನಾ?” ಎಂದಳು ನನ್ನವಳು.

“ನಮ್ಮ ವಂಶಕ್ಕೆ ಮಾತ್ರ ಅಂಟಿದ ದೋಷ ಅಂದ್ಕೊಂಡಿದ್ದೆನಲ್ಲೇ! ನಮ್ಮಮ್ಮ ಸಾಯೋವಾಗ ಆಣೆ ಹಾಕಿಸ್ಕೊಂಡಳು, ಯಾರಿಗೂ ಹೇಳಬೇಡ ಅಂತ,” ಎಂದಳು ಮೂರನೆಯವಳು.

“ನಮ್ಮಮ್ಮಾನೂ.”

“ನಮ್ಮತ್ತಿಗೇನೂ.”

ತಿಳಿಯಿತೇ? ತವರಿನ ಹೆಂಗಸು ಗುಡಿಸಲು ಇಳಿಯುತ್ತಿದ್ದಳು, ಹತ್ತುತ್ತಿರಲಿಲ್ಲ. ಮಗಳು ಕೂಗಿದಾಗ ಅವಳೇ ಓಗೊಡುತ್ತಿದ್ದಳು. ತಲೆತಲಾಂತರದಿಂದ ಮನೆಮನೆಯೂ ಹೀಗೇ ಮಾಡಿತ್ತು. ಮಿಕ್ಕ ಮನೆಗಳಿಗೆ ನಿಜವಾದ ಬಾವಿಯೇ ಓ ಎನ್ನುತ್ತದೆ, ನಮ್ಮದೊಂದೇ ಕಳ್ಳತನ ಎಂದು ಪ್ರತಿ ಮನೆಯೂ ನಂಬಿತ್ತು. ಒಂದೇ ಗುಟ್ಟನ್ನು ಇಡೀ ಊರು ಬೇರೆ ಬೇರೆಯಾಗಿ ಕಾಪಾಡಿತ್ತು.

ಯಜಮಾನ ಓಡಿಬಂದು ಇಣುಕಿದ. ಹೆಂಡತಿಯನ್ನು ನೋಡಿದ. ಅವನ ಮೀಸೆ ಇಳಿಯಿತು. “ಹಾಗಾದರೆ ನಿನಗೂ…?”

“ನನಗೂ,” ಎಂದಳು ಅವಳು, ನೀರಿನಿಂದ. “ನಿಮ್ಮಮ್ಮನಿಗೂ. ನಿಮ್ಮನ್ನ ಹೆತ್ತಾಗ ಆರು ತಿಂಗಳು ಮುಖ ನೋಡಲಿಲ್ಲವಂತೆ. ನನಗೆ ಅವರೇ ಹೇಳಿದ್ದು, ನನ್ನ ಕಾಲ ಬಂದಾಗ. ಬದಲಿಯರನ್ನ ಕಲ್ಲು ದಾಟಿಸೋದಾದರೆ ಇಡೀ ಊರು ಹೊರಡಬೇಕು, ನೋಡ್ರಿ. ನೀವು ಒಲೆ ಹಚ್ಚೋದು ಕಲೀರಿ.”

ಯಜಮಾನ ನನ್ನ ಕಡೆ ತಿರುಗಿದ. ಗಾಬರಿಯಾದ ಮನುಷ್ಯ ಕಟ್ಟಳೆಯನ್ನೇ ಹಿಡಿದುಕೊಳ್ಳುತ್ತಾನೆ. “ಅದೆಲ್ಲ ಇರಲಿ. ನೀನು ಹೇಳು. ಬಂತೋ, ಬರಲಿಲ್ಲವೋ? ಒಂದು ಮಾತು.”

ಊರೆಲ್ಲ ತಿರುಗಿ ನಿಂತಿತ್ತು. ನಾನು ಬಂತು ಎಂದರೆ ಸುಳ್ಳು, ಬರಲಿಲ್ಲ ಎಂದರೆ ಮಗು ಹೋಗುತ್ತದೆ, ತಾಯಿ ಹೋಗುತ್ತಾಳೆ. ಅವಳನ್ನು ನೋಡಿದೆ. ಮಗುವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಪ್ರೀತಿಯಿಂದಲೋ ಭಯದಿಂದಲೋ ನನಗೆ ತಿಳಿಯಲಿಲ್ಲ. ತಿಳಿಯದಿದ್ದಾಗ ಏನು ಮಾಡಬೇಕು? ಮನೆಯಾಕೆ ಕೆಳಗಿನಿಂದ ನನ್ನನ್ನೇ ನೋಡುತ್ತಿದ್ದಳು. ಅವಳ ಮಾತು ಆಗ ನನ್ನ ಕಿವಿಗೆ ಇಳಿಯಿತು. ಎಂಥ ಪೆದ್ದರು ನಾವು! ‘ಕೇಳುವವನು’ ಎಂದು ಹಿರಿಯರು ಹೆಸರಿಟ್ಟರು. ನಾವು ಕಿವಿ ಕೊಟ್ಟು ಬಾವಿಯನ್ನು ಕೇಳುತ್ತ ಕೂತೆವು. ಬಾಯಿ ತೆರೆದು ಬಾಣಂತಿಯನ್ನು ಕೇಳಲಿ ಎಂದು ಅವರು ಇಟ್ಟಿದ್ದರೆ?

“ಸಾವಂತ್ರಿ,” ಎಂದೆ. “ನೀನು ಹೇಗಿದ್ದೀಯಮ್ಮ?”

ಅವಳು ಅನುಮಾನದಿಂದ ನೋಡಿದಳು. ಮತ್ತೊಂದು ಪರೀಕ್ಷೆ ಎಂದುಕೊಂಡಳೇನೋ.

“ಮಗೂನಾ?”

“ಮಗುವಲ್ಲ. ನೀನು.”

“ಚೆನ್ನಾಗಿಲ್ಲ,” ಎಂದಳು. ಕಟ್ಟೆಗೆ ಒರಗಿ ಕೂತು ಹೇಳಿದಳು. ನಿದ್ದೆ ಬಾರದ್ದು ಹೇಳಿದಳು. ಮಗುವಿನ ಮುಖ ನೋಡಿದರೆ ತಪ್ಪು ಮಾಡಿದವಳಂತಾಗುವುದು ಹೇಳಿದಳು. ಬಾವಿಯ ತಂಪನ್ನು ನೆನೆದದ್ದು ಹೇಳಿದಳು. ಅದನ್ನು ಹೇಳಿದಾಗ ಗಂಡ ಬಂದು ಅವಳಿಗೂ ಬಾವಿಗೂ ನಡುವೆ ಕೂತ. ಕೆಳಗಿನಿಂದ ಏಳು ಹೆಂಗಸರು ಒಬ್ಬೊಬ್ಬರೇ ಹತ್ತಿ ಬಂದರು. ಅವಳ ಒಂದೊಂದು ಮಾತಿಗೂ ಯಾರೋ ಒಬ್ಬರು “ಹೌದು” ಎನ್ನುತ್ತಿದ್ದರು. “ಹೌದು ಕಣೇ.” “ನನಗೂ ಅದೇ.” “ನನಗೆ ಅದಿಲ್ಲ, ಆದರೆ ಬಾಗಿಲ ಸದ್ದಿಗೆ ಅಳು.”

“ನಮ್ಮ ಕಡೆ ಇದಕ್ಕೆ ಹೆಸರಿದೆ,” ಎಂದಳು ಸಾವಂತ್ರಿ, ಕೊನೆಗೆ. “ಹೆತ್ತವಳಿಗೆ ಹಸಿ ಮೈ ಅಂತೀವಲ್ಲ, ಹಾಗೇ ಹಸಿ ಮನಸ್ಸು ಅಂತಾರೆ. ಮೈ ಮಾಯೋ ಹಾಗೆ ಅದೂ ಮಾಯಬೇಕಂತೆ. ಹೊಳೆಯಾಚೆ ಒಬ್ಬ ವೈದ್ಯೆ ಇದ್ದಾರೆ. ಇಷ್ಟು ದಿನ ನೆನಪೇ ಆಗಲಿಲ್ಲ. ನಾನೇ ನಾನಲ್ಲ ಅಂದ್ಕೊಂಡ ಮೇಲೆ ಯಾರಿಗೆ ಔಷಧಿ?”

ಅತ್ತೆ ಕೊನೆಯಲ್ಲಿ ಹತ್ತಿ ಬಂದಳು. ಸೀರೆ ಮೊಣಕಾಲಿನವರೆಗೆ ತೊಟ್ಟಿಕ್ಕುತ್ತಿತ್ತು. ಹೊಸ ಮಡಿಲಿನವಳು ಕೈ ಚಾಚಿದಳು, ಮಗುವನ್ನು ತನಗೆ ಕೊಡುತ್ತಾರೇನೋ ಎಂದು. ಅತ್ತೆ ಅವಳನ್ನು ಒಂದು ನೋಟ ನೋಡಿದಳು. ಅವಳು ಸೆರಗು ಮಡಚಿಕೊಂಡು ಮನೆಗೆ ಹೋದಳು. ಅತ್ತೆ ಮಗುವನ್ನು ಮಗನ ತೋಳಿಗೆ ಹಾಕಿದಳು. “ಹಗ್ಗ ಹೊಸೆದದ್ದು ಸಾಕು, ಇದನ್ನ ಹಿಡಿ,” ಎಂದಳು. ಆಮೇಲೆ ಸೊಸೆಯ ಕೈ ಹಿಡಿದು ಎಬ್ಬಿಸಿದಳು.

“ಏಳು, ಮೊದಲು ನಿದ್ದೆ ಮಾಡು. ಮಧ್ಯಾಹ್ನ ಹೊಳೆ ದಾಟೋಣ.”

“ಮಗು…”

“ಅದಕ್ಕೆ ಊರಿದೆ.”

ಯಜಮಾನ ಕಟ್ಟೆಯ ಮೇಲೆ ಕೂತೇಬಿಟ್ಟಿದ್ದ. “ಮತ್ತೆ ತೀರ್ಪು?” ಎಂದ.

“ಕೇಳಿದ್ದಾಯಿತಲ್ಲ,” ಎಂದೆ ನಾನು. ಅವತ್ತೇ ನಾನು ನಿವೃತ್ತನಾದದ್ದು.

ಮನೆಗೆ ಬಂದು ನನ್ನವಳ ಮುಂದೆ ಕೂತೆ. ಒದ್ದೆ ಸೀರೆ ಹಿಂಡುತ್ತಿದ್ದಳು. ನಮ್ಮ ಮಗುವಿನ ಹದಿನಾರನೆಯ ದಿನ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಿಂತವನು ನಾನೇ. ಕೆಲಸಕ್ಕೆ ಸೇರಿದ ಹೊಸತು. ಎಷ್ಟು ಹೆಮ್ಮೆಯಿಂದ “ಬಂತು!” ಎಂದಿದ್ದೆ! “ನೀನು ಹೇಗಿದ್ದೆ ಆಗ?” ಎಂದೆ. ಅವಳು ನನ್ನನ್ನು ಬಹಳ ಹೊತ್ತು ನೋಡಿದಳು. ಈ ಮುದುಕ ನನ್ನ ಗಂಡನೋ ಬದಲಿಯೋ ಎಂಬ ಹಾಗೆ. ಆಮೇಲೆ ಹೇಳತೊಡಗಿದಳು. ಮೂರು ದಿನ ಹೇಳಿದಳು. ನಾನು ಒಂದಕ್ಷರವನ್ನೂ ಬರೆದುಕೊಳ್ಳಲಿಲ್ಲ.

ಸಾವಂತ್ರಿ ಒಂದೇ ದಿನಕ್ಕೆ ಸರಿಹೋದಳೆಂದುಕೊಂಡೀರಿ. ಇಲ್ಲ. ವೈದ್ಯೆ ಪುಡಿ ಕೊಟ್ಟಳು, ವಾರಕ್ಕೊಮ್ಮೆ ಬಂದು ಮಾತಾಡು ಎಂದಳು, ಬಾವಿಯ ಯೋಚನೆ ಬಂದರೆ ಆ ಕ್ಷಣವೇ ಯಾರಿಗಾದರೂ ಬಾಯಿಬಿಟ್ಟು ಹೇಳು ಎಂದು ಆಣೆ ಹಾಕಿಸಿಕೊಂಡಳು. ಸರದಿಯ ಮೇಲೆ ಹೆಂಗಸರು ಬಂದು ಮಗುವನ್ನು ಎತ್ತಿಕೊಂಡರು, ಗಂಡಸರೂ ಬಂದರು, ಯಜಮಾನನೂ ಬಂದು ಮಗುವಿನ ಕೈಲಿ ಮೀಸೆ ಎಳೆಸಿಕೊಂಡ. ಅವಳು ಮಲಗಿದಳು. ಎದ್ದಳು. ಕೆಲವು ದಿನ ಮೊದಲಿಗಿಂತ ಮಂಕಾಗಿದ್ದಳು. ಅತ್ತೆ ಮಾತ್ರ ದಿನಾ ಬೆಳಗ್ಗೆ, ತಟ್ಟೆ ಇಡುವ ಮುಂಚೆ ಒಂದೇ ಮಾತು ಕೇಳುತ್ತಿದ್ದಳು. ಅವರ ಜಗುಲಿ ನನ್ನ ಬಿಸಿಲಿನ ಜಾಗ, ನನಗೆಲ್ಲ ಕೇಳಿಸುತ್ತಿತ್ತು.

“ಬಂದೆಯಾ?”

“ಇಲ್ಲ ಅತ್ತೆ.”

“ಸರಿ. ರೊಟ್ಟಿ ತಿನ್ನು.”

ಒಂದು ತಿಂಗಳು ಹೀಗೆ. ಎರಡು ತಿಂಗಳು ಹೀಗೆ. “ಬಂದೆಯಾ?” “ಇಲ್ಲ ಅತ್ತೆ.” “ಸರಿ. ಇದಕ್ಕೆ ತುಪ್ಪ ಹಾಕ್ಲಾ?” ಅಷ್ಟೇ. ಕೋಪವಿಲ್ಲ, ನಿಟ್ಟುಸಿರಿಲ್ಲ. ಹೊಳೆಯಾಚೆಯಿಂದ ಯಾರೋ ನೆಂಟರು ಬರಬೇಕು, ದೋಣಿ ತಡ, ಅಷ್ಟೇ ಎಂಬ ಹಾಗೆ.

ಮೊನ್ನೆ ಮೊನ್ನೆ ಒಂದು ಬೆಳಗ್ಗೆ ಅತ್ತೆ ಅಂಗಳದ ಬಿಸಿಲಲ್ಲಿ ಕಾಲು ಚಾಚಿ, ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡು ಎಣ್ಣೆ ಹಚ್ಚುತ್ತಿದ್ದಳು. ಸಾವಂತ್ರಿ ಬಿಸಿನೀರು ತಂದಿಟ್ಟಳು.

“ಬಂದೆಯಾ?”

“ಬಂದ ಹಾಗಿದೆ, ಅತ್ತೆ.”

ಅತ್ತೆಯ ಕೈ ನಿಂತಿತು. ಅವಳ ಕಣ್ಣಿಗೆ ಹಳೆಯ ಅನುಮಾನ ಬಂತು. “ನಿಜ ಹೇಳು. ನನ್ನ ಸಮಾಧಾನಕ್ಕೆ ಹೇಳ್ತಿಲ್ಲ ತಾನೇ?”

“ಇಲ್ಲ. ಅರ್ಧ ಬಂದಿದ್ದೀನಿ. ನಿನ್ನೆ ಇವನು ಸೀನಿದಾಗ ನಗು ಬಂತು. ನಾನು ಬರಿಸಿಕೊಂಡಿದ್ದಲ್ಲ, ತಾನಾಗೇ ಬಂತು.”

“ಅರ್ಧ ಬಂದವಳಿಗೆ ಅರ್ಧ ರೊಟ್ಟಿ ಅಂದ್ಕೋಬೇಡ. ಪೂರ್ತಿ ತಿನ್ನು.”

ಸಾವಂತ್ರಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಮಗುವಿನ ಕಾಲಿಗೆ ಎಣ್ಣೆ ಸವರಿದಳು. ಸವರುತ್ತ, ತಲೆ ಎತ್ತದೆ ಕೇಳಿದಳು.

“ಅತ್ತೆ, ನೀವು ಯಾವಾಗ ಬಂದಿರಿ?”

ಅಂಗಳದ ಮೂಲೆಯಲ್ಲಿ ಮಗ ನಾರು ನೆನೆಸುತ್ತಿದ್ದ. ಆ ಮೂವತ್ತು ವರ್ಷದ ಮಗನ ಬೆನ್ನನ್ನು ಅತ್ತೆ ಬಹಳ ಹೊತ್ತು ನೋಡಿದಳು. ಆಮೇಲೆ ಬೊಗಸೆಯಲ್ಲಿ ನೀರು ತೆಗೆದು, ಬಿಸಿ ಹದವಾಗಿದೆಯೇ ಎಂದು ನೋಡಿ, ಹೇಳಿದಳು.

“ಈಗ ಬರ್ತಾ ಇದ್ದೀನಿ ಕಣೇ.”